ಪಿಯುಸಿ ಅಷ್ಟೇ ಆಗಿದೆ. ಅಂಗಡಿ ಅಥವಾ ಕಾಲ್ ಸೆಂಟರ್ ಕೆಲಸ ಹಿಡಿಯೋದು ಹೇಗೆ?

ರಾಣೇಬೆನ್ನೂರು_20

ಎಲ್ಲರಿಗೂ ನಮಸ್ಕಾರ. ಪಿಯುಸಿ ಕಲಾ ವಿಭಾಗ ಪಾಸಾಗಿದೆ, ಡಿಗ್ರಿಗೆ ಸೇರಿಲ್ಲ. ವಯಸ್ಸು 20, ಹುಡುಗಿ. ಕನ್ನಡ ಸರಾಗ, ಹಿಂದಿ ಮಾತಾಡಬಲ್ಲೆ. ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ, ಮಾತಾಡೋಕೆ ಹೋದ್ರೆ ತಡವರಿಸುತ್ತೆ. ಕೆಲಸದ ಅನುಭವ ಇಲ್ಲ. ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ಕಸ್ಟಮರ್ ಕೇರ್ ಯಾವುದಾದ್ರೂ ಸರಿ. ಹುಬ್ಬಳ್ಳಿ ನೋಡಲಾ, ಬೆಂಗಳೂರು ನೋಡಲಾ? ಸಂದರ್ಶನದಲ್ಲಿ ಏನು ಕೇಳ್ತಾರೆ? ಆ್ಯಪ್‌ನಲ್ಲಿ ಒಬ್ಬರು "ಸಂಬಳ 18 ಸಾವಿರ, ರಿಜಿಸ್ಟ್ರೇಷನ್‌ಗೆ 1,500 ಕಟ್ಟಿ" ಅಂತಿದ್ದಾರೆ. ಇದು ಮಾಮೂಲಾ?

ಕೌಂಟರ್_ನಂಬರ್_4

ಮೊದಲ ಆ 1,500ರ ಮಾತು. ಕೊಡಬ್ಯಾಡ್ರಿ ತಂಗಿ. ರಿಜಿಸ್ಟ್ರೇಷನ್, ಯೂನಿಫಾರ್ಮ್ ಡೆಪಾಸಿಟ್, ಐಡಿ ಕಾರ್ಡ್ ಫೀಸ್, ಹೆಸರು ಏನರ ಇರಲಿ, ಕೆಲಸ ಕೊಡೋಕಿಂತ ಮುಂಚೆ ರೊಕ್ಕ ಕೇಳಿದ್ರ ಅಲ್ಲಿ ಕೆಲಸ ಇಲ್ಲ ಅಂತ ತಿಳ್ಕೊಳ್ರಿ. ಕೊಟ್ಟುಬಿಟ್ಟಿದ್ರ ಈಗ್ಲೇ 1930ಕ್ಕ (ಸೈಬರ್ ವಂಚನೆ ಸಹಾಯವಾಣಿ) ಫೋನ್ ಹಚ್ರಿ. ರೊಕ್ಕ ಇನ್ನೊಂದು ಖಾತೆಗೆ ದಾಟೋದ್ರೊಳಗ ತಡೀಬೇಕಾಗ್ತೈತಿ.

ಅಂಗಡಿ ಕೆಲಸಕ್ಕ ಆ್ಯಪ್‌ಗಿಂತ ಕಾಲು ಜಾಸ್ತಿ ಉಪಯೋಗಕ್ಕ ಬರ್ತಾವ. ಮಂಗಳವಾರದಿಂದ ಗುರುವಾರ, ಬೆಳಿಗ್ಗೆ 11ರಿಂದ 12:30 ಅಥವಾ ಮಧ್ಯಾಹ್ನ 3ರಿಂದ 4:30ರೊಳಗ ಹೋಗ್ರಿ. ಶನಿವಾರ, ರವಿವಾರ ಮ್ಯಾನೇಜರ್ ಮುಖ ಎತ್ತಿ ನೋಡಂಗಿಲ್ಲ. ಸೂಪರ್ ಮಾರ್ಕೆಟ್ ಆದ್ರ ತಿಂಗಳ ಮೊದಲ ವಾರನೂ ಬ್ಯಾಡ, ಎಲ್ಲಾರ ಕೈಯಾಗ ಸಂಬಳ ಬಂದಿರ್ತೈತಿ, ಕಿರಾಣಿ ಸಾಲು ಬಾಗಿಲ ತನಕ ಇರ್ತೈತಿ. ಸೆಕ್ಯೂರಿಟಿ "ರೆಸ್ಯೂಮ್ ಕೊಟ್ಟು ಹೋಗ್ರಿ" ಅಂದ್ರ ಅದು ಡ್ರಾಯರ್ ಸೇರಿತು ಅಂತನ ಲೆಕ್ಕ. "ಸ್ಟೋರ್ ಮ್ಯಾನೇಜರ್ ಎಷ್ಟೊತ್ತಿಗೆ ಸಿಗ್ತಾರ?" ಅಂತ ಕೇಳ್ರಿ, ಹೆಸರು ಬರ್ಕೊಳ್ರಿ, ನಾಕು ದಿನ ಬಿಟ್ಟು ಮತ್ತ ಹೋಗ್ರಿ.

ಬಟ್ಟೆ ಅಂಗಡಿಗೆ ಕಾಲ ಮುಖ್ಯ. ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿ ತನಕ ಅವರಿಗೆ ಸುಗ್ಗಿ. ಜನ ತಗೊಳ್ಳೋದು ಅದಕ್ಕೂ ಮುಂಚೆ, ಆಷಾಢದಾಗ. ಹುಬ್ಬಳ್ಳಿಯೊಳಗ ದುರ್ಗದ ಬೈಲ್, ಕೊಪ್ಪಿಕರ್ ರೋಡ್ ಕಡೆ ಆ ತಿಂಗಳು ಒಂದು ಸುತ್ತು ಹಾಕಿದ್ರ ಬಾಗಿಲಿಗೆ "ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ" ಚೀಟಿ ಕಾಣ್ತಾವ.

ಕಾಗದ: ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ನಾಕು ಫೋಟೋ. ಎಲ್ಲಾ ಜೆರಾಕ್ಸ್ ಮಾತ್ರ. ಮೂಲ ಅಂಕಪಟ್ಟಿ ತೋರಸ್ರಿ, ಅಲ್ಲೇ ವಾಪಸ್ ಇಸ್ಕೊಳ್ರಿ. "ಆರು ತಿಂಗಳು ನಮ್ಮ ಹತ್ರ ಇರಲಿ" ಅಂದವರ ಅಂಗಡಿಯಿಂದ ಹೊರಗ ಬರೋದು ಕಷ್ಟ ಆಗ್ತೈತಿ.

ಇನ್ನೊಂದು, ಎಲ್ಲಾರೂ ಎಡವೋ ಜಾಗ. ಎಸ್ಸೆಸ್ಸೆಲ್ಸಿ ಕಾರ್ಡಿನಾಗ "ಕವಿತಾ ಬಿ. ಎಚ್.", ಆಧಾರ್‌ನಾಗ "ಕವಿತ ಬಸಪ್ಪ ಹರಿಜನ", ಪ್ಯಾನ್‌ನಾಗ ಮತ್ತೊಂದು. ಇನಿಷಿಯಲ್ ಬಿಡಿಸೋದ್ರಾಗ, ಕೊನಿ ದೀರ್ಘದಾಗ ತಪ್ಪು ಬಿದ್ದಿರ್ತೈತಿ. ಮುಂದ ಪಿಎಫ್ (ಭವಿಷ್ಯ ನಿಧಿ) ರೊಕ್ಕ ತೆಗಿಯೋವಾಗ ಇದಕ್ಕ ತಿಂಗಳುಗಟ್ಟಲೆ ಓಡಾಡಬೇಕಾಗ್ತೈತಿ. ಕೆಲಸ ಹುಡುಕೋಕಿಂತ ಮುಂಚೆ ಹೆಸರು, ಹುಟ್ಟಿದ ದಿನ ಮೂರರಾಗೂ ಒಂದೇ ಮಾಡಿಸ್ಕೊಳ್ರಿ.

ಸಂದರ್ಶನ ಹತ್ತು ನಿಮಿಷದ್ದು. "ನಿಮ್ಮ ಬಗ್ಗೆ ಹೇಳ್ರಿ" ಆದ ಮ್ಯಾಲೆ ಬಾಯಿಲೆಕ್ಕ. 799ರ ಅಂಗಿಗೆ 15% ಬಿಟ್ರ ಎಷ್ಟು? (679.15.) ಬಿಲ್ 683, ಗಿರಾಕಿ 1,003 ಕೊಟ್ಟ, ಎಷ್ಟು ವಾಪಸ್? (320. ಆ ಮೂರು ರೂಪಾಯಿ ಯಾಕ ಕೊಟ್ಟ ಅಂತ ಗೊತ್ತಾಗದವರು ಇಲ್ಲೇ ಬೀಳ್ತಾರ.) ಎರಡು ತಗೊಂಡ್ರ ಒಂದು ಫ್ರೀ, ಬೆಲೆ 499, 399, 299, ಗಿರಾಕಿ ಎಷ್ಟು ಕೊಡಬೇಕು? ಕಡಿಮಿ ಬೆಲೆದು ಫ್ರೀ, ಅಂದ್ರ 898. ಒಂದು ವಾರ ದಿನಾ ಇಪ್ಪತ್ತು ಲೆಕ್ಕ ಮಾಡ್ರಿ, ಸಾಕು. ಬ್ರೆಡ್ಡಿನ ರ‍್ಯಾಕ್‌ನಾಗ ಹೊಸ ಮಾಲು ಎಲ್ಲಿ ಇಡ್ತೀರಿ ಅಂತನೂ ಕೇಳ್ತಾರ. ಹಿಂದ ಇಡಬೇಕು. ಮೊದಲು ಎಕ್ಸ್‌ಪೈರಿ ಆಗೋದು ಮುಂದ ಬರಬೇಕು.

ಸ್ಯಾಲರಿ_ಸ್ಲಿಪ್

ಮೇಲಿನವರು ಹೇಳಿದ್ದಕ್ಕೆ ಸಂಬಳದ ಭಾಗ ಸೇರಿಸ್ತೀನಿ. "18 ಸಾವಿರ" ಅಂದ್ರೆ ಕೈಗೆ 18 ಸಾವಿರ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: "ಇದು ಸಿಟಿಸಿನಾ, ಗ್ರಾಸ್ಸಾ, ಇನ್ ಹ್ಯಾಂಡಾ?" ಸಿಟಿಸಿ ಅಂದ್ರೆ ಕಂಪನಿಗೆ ನಿಮ್ಮ ಮೇಲೆ ಬೀಳೋ ಒಟ್ಟು ಖರ್ಚು, ಗ್ರಾಸ್ ಅಂದ್ರೆ ಕಡಿತಕ್ಕೆ ಮುಂಚಿನ ಸಂಬಳ, ಇನ್ ಹ್ಯಾಂಡ್ ಅಂದ್ರೆ ಕೈಗೆ ಬರೋದು.

ಲೆಕ್ಕ ಹೀಗಿರುತ್ತೆ. ಗ್ರಾಸ್ 16,000, ಅದರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) 13,000 ಅಂತಿಟ್ಟುಕೊಳ್ಳಿ. ನಿಮ್ಮ ಪಾಲಿನ ಪಿಎಫ್ 12%, ಅಂದ್ರೆ 1,560. ಇಎಸ್ಐ (ನೌಕರರ ಆರೋಗ್ಯ ವಿಮೆ) ಗ್ರಾಸ್ ಮೇಲೆ 0.75%, ಅಂದ್ರೆ 120. ಕೈಗೆ ಬರೋದು 14,320. ಕಂಪನಿ ತನ್ನ ಪಾಲಿನ ಪಿಎಫ್, ಅದರ ಖರ್ಚು ಸೇರಿ 13% (1,690) ಮತ್ತು ಇಎಸ್ಐ 3.25% (520) ಕಟ್ಟುತ್ತೆ. ಅದನ್ನೂ ಕೂಡಿಸಿ ನಿಮಗೆ "18,210" ಅಂತ ಹೇಳಿರ್ತಾರೆ. ಸುಳ್ಳಲ್ಲ, ಆದ್ರೆ ಪಿಜಿ ಬಾಡಿಗೆ ಕಟ್ಟೋದು 14,320ರಲ್ಲಿ. ವೃತ್ತಿ ತೆರಿಗೆ ಅಂತ 200 ಹಿಡಿದಿದ್ರೆ ಪ್ರಶ್ನೆ ಮಾಡಿ, ಕರ್ನಾಟಕದಲ್ಲಿ 25,000ದ ಒಳಗಿನ ಸಂಬಳಕ್ಕೆ ಅದಿಲ್ಲ.

ಕಡಿತ ಅಂತ ಬೇಜಾರಾಗಬೇಡಿ. ಆ 120 ರೂಪಾಯಿಗೆ ಇಎಸ್ಐ ಆಸ್ಪತ್ರೆ ಸಿಗುತ್ತೆ, ನಿಮ್ಮನ್ನು ಅವಲಂಬಿಸಿದ ಅಪ್ಪ ಅಮ್ಮನನ್ನೂ ಸೇರಿಸಬಹುದು. ಸೇರುವಾಗಲೇ ಅವರ ಹೆಸರು ಕೊಡಿ. ಗ್ರಾಸ್ 21,000 ದಾಟದವರಿಗೆ ಮಾತ್ರ ಇದು. "ಪಿಎಫ್ ಬೇಡ, ಪೂರ್ತಿ ಕ್ಯಾಷ್ ಕೊಡ್ತೀವಿ" ಅನ್ನೋ ಅಂಗಡಿ ನಿಮ್ಮ ಹೆಸರನ್ನು ಎಲ್ಲೂ ಬರೆದಿರಲ್ಲ. ನಾಳೆ ಬೇರೆ ಕಡೆ ಹೋದ್ರೆ ಅನುಭವ ತೋರಿಸೋಕೆ ಒಂದು ಚೂರು ಕಾಗದ ಇರಲ್ಲ.

ಆಫರ್ ಲೆಟರ್ ಯಾರ ಹೆಸರಲ್ಲಿದೆ ಅಂತ ನೋಡಿ. ಅಂಗಡಿ ಒಬ್ಬರದು, ಸಂಬಳ ಕ್ವೆಸ್, ಟೀಮ್‌ಲೀಸ್ ತರಹದ ಸ್ಟಾಫಿಂಗ್ ಕಂಪನಿಯದು ಆಗಿರಬಹುದು. ಅದನ್ನೇ ಆಫ್ ರೋಲ್ ಅನ್ನೋದು. ತಪ್ಪೇನಿಲ್ಲ, ಅನುಭವ ಇಲ್ಲದವರಿಗೆ ಸುಲಭದ ಬಾಗಿಲು ಅದೇ. ಕಂಪನಿ ಬದಲಾದ್ರೂ ಹಳೇ ಯುಎಎನ್ (ಪಿಎಫ್‌ನ ಕಾಯಂ ಗುರುತಿನ) ನಂಬರನ್ನೇ ಕೊಡಿ, ಎರಡು ಮಾಡಿಸ್ಕೋಬೇಡಿ. ಲೆಟರ್‌ನಲ್ಲಿ "ಅಪ್ರೆಂಟಿಸ್" ಅಂತಿದ್ರೆ ಅದು ಬೇರೆ ಲೆಕ್ಕ: ಬರೋದು ಸ್ಟೈಪೆಂಡ್, ಪಿಎಫ್, ಇಎಸ್ಐ ಇರಲ್ಲ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ.

(ಯುವನಿಧಿ ಬಗ್ಗೆ ಯಾರಾದ್ರೂ ಹೇಳೋ ಮೊದಲೇ: ಅದು ಡಿಗ್ರಿ, ಡಿಪ್ಲೊಮಾದವರಿಗೆ. ಪಿಯುಸಿಗೆ ಬರಲ್ಲ.)

ಊರಿನ ವಿಚಾರ. ಅಂಗಡಿ ಮುಚ್ಚೋದು ರಾತ್ರಿ 9:30, ಕ್ಯಾಷ್ ಟ್ಯಾಲಿ ಮುಗಿಸಿ ಹೊರಗೆ ಬರೋಕೆ 10 ದಾಟುತ್ತೆ. ಹಾಗಾಗಿ ರಾಣೇಬೆನ್ನೂರಿಂದ ಹುಬ್ಬಳ್ಳಿಗೆ ದಿನಾ ಓಡಾಡೋ ಲೆಕ್ಕ ಬಿಡಿ. ಹುಡುಗಿಯರಿಗೆ ರಾತ್ರಿ 8ರ ನಂತರದ ಶಿಫ್ಟ್ ಹಾಕಬೇಕಾದ್ರೆ ಬರವಣಿಗೆಯಲ್ಲಿ ಒಪ್ಪಿಗೆ ಬೇಕು, ವಾಹನದ ವ್ಯವಸ್ಥೆ ಅವರೇ ಮಾಡಬೇಕು. ಸೇರುವಾಗ ಸಹಿ ಹಾಕಿಸೋ ಕಟ್ಟಿನಲ್ಲಿ ಆ ಒಪ್ಪಿಗೆ ಪತ್ರವೂ ಇರುತ್ತೆ, ಓದಿ. ಬೆಂಗಳೂರಾದ್ರೆ ಬಿಎಂಟಿಸಿ ಸಾಮಾನ್ಯ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ, ಎಸಿ ಬಸ್ಸು ಅಲ್ಲ. ಪಿಜಿ ಹುಡುಕುವಾಗ ರಾತ್ರಿ 10ರ ಮೇಲೆ ಗೇಟ್ ತೆಗೀತಾರಾ ಅಂತ ಮೊದಲು ಕೇಳಿ. ಬೆಳಗಿನ ತಿಂಡಿ ಆಮೇಲೆ ವಿಚಾರಿಸಿದ್ರೂ ನಡೆಯುತ್ತೆ.

ಹೆಡ್‌ಸೆಟ್

ಕನ್ನಡ ಜತೆ ಹಿಂದಿ ಬರುತ್ತೆ ಅಂದ್ರಲ್ಲ, ಅದನ್ನ ರೆಸ್ಯೂಮ್‌ನ ಮೊದಲ ಸಾಲಲ್ಲಿ ಹಾಕಿ. ಕಾಲ್ ಸೆಂಟರ್ ಜಾಹೀರಾತಲ್ಲಿ "ಕನ್ನಡ ಪ್ರೋಸೆಸ್", "ಡೊಮೆಸ್ಟಿಕ್ ವಾಯ್ಸ್" (ನಮ್ಮ ದೇಶದ ಗ್ರಾಹಕರ ಜತೆ ಫೋನಲ್ಲಿ ಮಾತಾಡೋ ಕೆಲಸ) ಅಂತ ಹುಡುಕಿ. ಇಂಟರ್‌ನ್ಯಾಷನಲ್ ಸದ್ಯಕ್ಕೆ ಬೇಡ, ಅಲ್ಲಿ ಇಂಗ್ಲಿಷ್ ಪರೀಕ್ಷೆಯಲ್ಲೇ ನಿಲ್ಲಿಸ್ತಾರೆ. ಡೊಮೆಸ್ಟಿಕ್‌ನಲ್ಲಿ ಮೇಲ್ ಓದಿ ಸಿಸ್ಟಮ್‌ನಲ್ಲಿ ಎರಡು ಸಾಲು ಇಂಗ್ಲಿಷ್ ಟೈಪ್ ಮಾಡೋಕೆ ಬಂದ್ರೆ ಸಾಕು. ನಿಮಿಷಕ್ಕೆ 25 ಪದ ಅಭ್ಯಾಸ ಮಾಡ್ಕೊಳ್ಳಿ.

ಮಾತಾಡೋ ಧಾಟಿ ಬದಲಿಸಬೇಕಿಲ್ಲ. ಸ್ಪಷ್ಟವಾಗಿ, ನಿಧಾನವಾಗಿ, "ರೀ" ಸೇರಿಸಿಯೇ ಮಾತಾಡಿ. ಮಾಕ್ ಕಾಲ್ ಅಂತ ಒಂದು ಸುತ್ತು ಇರುತ್ತೆ. ಎದುರಿಗೆ ಕೂತವರು ಸಿಟ್ಟಾದ ಗ್ರಾಹಕನ ಹಾಗೆ ಶುರು ಮಾಡ್ತಾರೆ: "ಎರಡು ದಿನ ಆಯ್ತು, ದುಡ್ಡು ಕಟ್ ಆಗಿದೆ, ರೀಚಾರ್ಜ್ ಆಗಿಲ್ಲ!"

"ಅದು ಬ್ಯಾಂಕ್ ಪ್ರಾಬ್ಲಂ ಸರ್, ಬ್ಯಾಂಕಲ್ಲಿ ಕೇಳಿ" ಅಂದ್ರೆ ಅಲ್ಲಿಗೆ ಮುಗೀತು. ಅವರು ಕಾಯೋದು ಇದಕ್ಕೆ: "ಎರಡು ದಿನದಿಂದ ದುಡ್ಡು ಸಿಕ್ಕಿಹಾಕೊಂಡಿದೆ, ಸರಿ ಸರ್, ಈಗಲೇ ನೋಡ್ತೀನಿ. ಯಾವ ನಂಬರಿಗೆ ರೀಚಾರ್ಜ್ ಮಾಡಿದ್ರಿ?" ಅವರ ಮಾತನ್ನೇ ಒಂದು ಸಾಲಲ್ಲಿ ತಿರುಗಿ ಹೇಳೋದು, ತಕ್ಷಣ ಒಂದು ಪ್ರಶ್ನೆ. ಹೋಲ್ಡ್‌ಗೆ ಹಾಕುವಾಗ ಕೇಳಿ ಹಾಕಿ, ಹೇಳಿದ ಹೊತ್ತಿಗೆ ಮುಂಚೆ ವಾಪಸ್ ಬನ್ನಿ. ಏನೂ ಹೇಳದೆ ಸುಮ್ಮನೆ ಕೂತ್ರೆ ಮಾರ್ಕ್ಸ್ ಹೋಗುತ್ತೆ. ಕೊನೆಗೆ ದೂರಿನ ನಂಬರ್, ಯಾವ ದಿನದೊಳಗೆ ಆಗುತ್ತೆ ಅನ್ನೋದು. ಯಾವ ಕಾರಣಕ್ಕೂ ಗ್ರಾಹಕರ ಪಿನ್, ಒಟಿಪಿ ಕೇಳಬೇಡಿ. ಸಂದರ್ಶನದಲ್ಲಿ ಬೇಕಂತಲೇ "ಒಟಿಪಿ ಹೇಳ್ಲಾ?" ಅಂತ ಕೆಣಕ್ತಾರೆ.

ಸೇರೋ ಮುಂಚೆ: ಟ್ರೇನಿಂಗ್ ದಿನಗಳಿಗೆ ಸಂಬಳ ಇದೆಯಾ, ಕೊನೆಯ ಪರೀಕ್ಷೆ ಪಾಸಾಗದಿದ್ರೆ ಆ ದಿನಗಳ ದುಡ್ಡು ಕೊಡ್ತಾರಾ? ಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ.

ರಾಣೇಬೆನ್ನೂರು_20

ತುಂಬಾ ಥ್ಯಾಂಕ್ಸ್. 1,500 ಕಟ್ಟಿಲ್ಲ, ಬ್ಲಾಕ್ ಮಾಡಿದೆ. ಬಿಲ್ಲಿಂಗ್ ಕೆಲಸ ಸಿಕ್ಕಿದ್ರೆ, ಕ್ಯಾಷ್ ಕಡಿಮೆ ಬಂದ್ರೆ ನಮ್ಮ ಸಂಬಳದಲ್ಲೇ ಹಿಡೀತಾರಂತೆ, ನಿಜವಾ?

ಕೌಂಟರ್_ನಂಬರ್_4

ಹಿಡಿಯೋರು ಅದಾರ. ಆದ್ರ ನಿಮ್ಮ ನಿರ್ಲಕ್ಷ್ಯದಿಂದ ಹೋತು ಅಂತ ತೋರಿಸಿ, ನಿಮ್ಮ ಮಾತು ಕೇಳಿದ ಮ್ಯಾಲೆ ಮಾತ್ರ ಹಿಡೀಬೇಕು ಅಂತ ಕಾನೂನು ಹೇಳ್ತೈತಿ. ಹಂಗಾಗಿ ಕೌಂಟರ್ ನಿಮ್ಮದು ಅನ್ನೋದು ಕಾಗದದಾಗ ಇರಬೇಕು. ಬೆಳಿಗ್ಗೆ ಚಿಲ್ಲರೆ ಕೊಡ್ತಾರಲ್ಲ, ಅವರೆದುರಿಗೇ ಎಣಿಸಿ ಸಹಿ ಹಾಕ್ರಿ. ಊಟಕ್ಕ ಏಳೋವಾಗ ಲಾಗೌಟ್ ಆಗ್ರಿ. ನಿಮ್ಮ ಐಡಿಯೊಳಗ ಬ್ಯಾರೆಯವರು ಒಂದು ಬಿಲ್ ಹೊಡದ್ರೂ ಕೊರತೆ ನಿಮ್ಮ ಹೆಸರಿಗೆ ಬೀಳ್ತೈತಿ.

ಕ್ಯಾಷ್ ಯಾಕ ಕಡಿಮಿ ಬರ್ತೈತಿ ಅಂದ್ರ, ಬಹಳ ಸಲ ಕಳವು ಅಲ್ಲ. ಯುಪಿಐ ಬಿಲ್ಲನ್ನ ಕ್ಯಾಷ್ ಅಂತ ಒತ್ತಿರ್ತಾರ. ಗಿರಾಕಿ ಕೊಟ್ಟ ನೋಟನ್ನ ಗಲ್ಲೆಕ್ಕ ಹಾಕಿ ಆಮ್ಯಾಲೆ ಚಿಲ್ಲರೆ ಎಣಿಸ್ತಾರ, ಅವ "500 ಕೊಟ್ಟೆ" ಅಂತಾನ, ಕೊಟ್ಟಿದ್ದು 200. ಚಿಲ್ಲರೆ ಅವನ ಕೈಗೆ ಹೋಗೋ ತನಕ ನೋಟು ಗಲ್ಲೆದ ಹೊರಗ ಇರಲಿ. ಫೋನಿನ ಸ್ಕ್ರೀನ್‌ಶಾಟ್ ನಂಬಬ್ಯಾಡ್ರಿ, ನಿಮ್ಮ ಮಷೀನಿಗೆ ಬಂತು ಅಂದ್ರ ಬಂದಂಗ.

ಮತ್ತ ಒಂದು. ಗಿರಾಕಿ "ನಂಬರ್ ಬ್ಯಾಡ" ಅಂದಾಗ ಖರೀದಿಗೆ ಸಿಗೋ ರಿವಾರ್ಡ್ ಪಾಯಿಂಟ್ಸ್ ಸುಮ್ಮನ ಹೋಗ್ತಾವಲ್ಲ ಅಂತ ನಿಮ್ಮ ಫೋನ್ ನಂಬರ್ ಹಾಕಬ್ಯಾಡ್ರಿ. ನೂರು ಬಿಲ್ಲಿಗೆ ಒಂದೇ ನಂಬರ್ ಬಿದ್ದಿದ್ದು ಆಡಿಟ್‌ನಾಗ ಒಂದು ಕ್ಲಿಕ್ಕಿಗೆ ಸಿಗ್ತೈತಿ, ಅದೇ ದಿನ ಮನೀಗೆ ಕಳಿಸ್ತಾರ. ನಿಮ್ಮ ಮನಿಯವರು ಸಾಮಾನು ತಗೊಳ್ಳಾಕ ಬಂದ್ರ ಪಕ್ಕದ ಕೌಂಟರಿಗೆ ಕಳಿಸ್ರಿ.