ತೋಟಾ, ಈಡು, ಬಾರು, ಮದ್ದು: ಹಳೇ ರೈಫಲ್ಲಿಗೆ ಕೈಯಲ್ಲಿ ತೋಟಾ ತುಂಬುವ ಕೆಲಸಕ್ಕೆ ಪದಗಳು

ಎಲ್ಲರಿಗೂ ನಮಸ್ಕಾರ.

ಒಂದಷ್ಟು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ಹಳೇ ರೈಫಲ್ಲಿಗೆ ಬೇಕಾದ ತೋಟಾಗಳನ್ನು (ಇಂಗ್ಲಿಷಿನ ಕಾರ್ಟ್ರಿಜ್) ಮನೆಯಲ್ಲೇ ಕೈಯಿಂದ ತುಂಬಿಕೊಳ್ಳುವ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನಿರುವುದು ಅಮೆರಿಕದಲ್ಲಿ. ಇಲ್ಲಿ ಇದು ತುಂಬ ಜನರ ಹವ್ಯಾಸ. ನಮ್ಮ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವ ಹಾಗಿಲ್ಲ. ಹಾಗಾಗಿ ಊರಿನಲ್ಲಿರುವವರು ಇದನ್ನು ಸುಮ್ನೆ ಓದುವುದಕ್ಕೆ ಓದಬೇಕು, ಅಷ್ಟೇ. ಆದರೆ ಓದಿದರೆ ಅರ್ಥವಾಗಬೇಕು. ಸಕಲೇಶಪುರದ ಕಡೆ ಕಾಫಿ ತೋಟ ನೋಡಿಕೊಂಡು, ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವ ಕೋವಿ) ಹಿಡಿದು ಹಂದಿ ಕಾದ ನಮ್ಮ ದೊಡ್ಡಪ್ಪನಂಥವರಿಗೆ ಅರ್ಥವಾಗದ ಕನ್ನಡದಲ್ಲಿ ಇದನ್ನು ಬರೆದು ಏನು ಪ್ರಯೋಜನ?

ರೈಫಲ್ಲಿನ ಬಗ್ಗೆ ಎರಡು ಮಾತು. ಅದು ಮಾರ್ಟಿನಿ-ಹೆನ್ರಿ. ಬ್ರಿಟಿಷ್ ಸೈನ್ಯ 1871ರಲ್ಲಿ ಒಪ್ಪಿಕೊಂಡದ್ದು. ಒಂದು ಸಲಕ್ಕೆ ಒಂದೇ ತೋಟಾ. ಅಡಿಯಲ್ಲಿರುವ ಹಿಡಿಯನ್ನು ಕೆಳಕ್ಕೆ ತಳ್ಳಿದರೆ ಬಾಗಿಲು ತೆರೆದು ಹೊಡೆದ ತೋಟಾದ ಖಾಲಿ ಚಿಪ್ಪು ಹೊರಗೆ ಬರುತ್ತದೆ, ಹೊಸದನ್ನು ಬೆರಳಿನಿಂದ ಒಳಗೆ ತಳ್ಳಬೇಕು. 2003ರಲ್ಲಿ ನೇಪಾಳದ ಹಳೇ ಶಸ್ತ್ರಾಗಾರದಲ್ಲಿದ್ದ ಇಂಥ ಕೋವಿಗಳನ್ನು ಅಮೆರಿಕದ ವ್ಯಾಪಾರಿಗಳು ರಾಶಿಗಟ್ಟಲೆ ಕೊಂಡು ತಂದು ಇಲ್ಲಿ ಮಾರಿದರು. ಕೋವಿ ಸಿಕ್ಕಿತು, ತೋಟಾ ಮಾತ್ರ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದರ ಹೆಸರು .577/450 (ಅಂಗುಲದ ಲೆಕ್ಕ). ಹಿಂದಿನ ಸ್ನೈಡರ್ ಕೋವಿಯ .577 ತೋಟಾದ ಬಾಯಿಯನ್ನು ಕಿರಿದು ಮಾಡಿ .450 ಗುಂಡಿಗೆ ಹೊಂದಿಸಿದ್ದಾರೆ ಅಂತ ಆ ಹೆಸರೇ ಹೇಳುತ್ತದೆ. ಈಗಿನವರು 24 ಬೋರಿನ (ನಳಿಗೆಯ ಅಗಲದ ಒಂದು ಅಳತೆ) ಶಾಟ್‌ಗನ್ ತೋಟಾದ ಖಾಲಿ ಹಿತ್ತಾಳೆ ಚಿಪ್ಪು ತಂದು, ಒಂದಾದ ಮೇಲೊಂದು ಅಚ್ಚಿನಲ್ಲಿ ಒತ್ತಿ ಇದನ್ನು ಮಾಡಿಕೊಳ್ಳುತ್ತಾರೆ.

ಇನ್ನು ಪದಗಳಿಗೆ ಬರುತ್ತೇನೆ.

ಮೊದಲನೇ ತೊಡಕು 'ಗುಂಡು'. ಪತ್ರಿಕೆಗಳಲ್ಲಿ 'ಪಿಸ್ತೂಲು ಮತ್ತು ಐದು ಜೀವಂತ ಗುಂಡು ವಶ' ಅಂತ ಬರುತ್ತದೆ. ಅಲ್ಲಿ ಗುಂಡು ಅಂದರೆ ಇಡೀ ತೋಟಾ. 'ಗುಂಡು ಎದೆಗೆ ಹೊಕ್ಕಿತು' ಅಂದಾಗ ಮುಂದೆ ಹಾರಿಹೋಗುವ ಸೀಸ ಮಾತ್ರ. ಸುದ್ದಿಗೆ ಅಷ್ಟು ಸಾಕು. ಆದರೆ ಕೈಯಲ್ಲಿ ತುಂಬುವವನಿಗೆ ಇದು ನಡೆಯುವುದಿಲ್ಲ. ಅವನ ಮೇಜಿನ ಮೇಲೆ ನಾಲ್ಕು ವಸ್ತು ಬೇರೆ ಬೇರೆ ಇರುತ್ತವೆ: ಹಿತ್ತಾಳೆಯ ಹೊರಚಿಪ್ಪು, ಅದರ ತಳದಲ್ಲಿ ಕೂರುವ ಕೇಪು, ಮದ್ದು, ಗುಂಡು. ನಾಲ್ಕೂ ಸೇರಿದ ಮೇಲೆ ಆಗುವುದು ತೋಟಾ. 'ಗುಂಡಿನ ತೂಕ 480 ಗ್ರೇನು' (ಗ್ರೇನು ಒಂದು ಸಣ್ಣ ತೂಕ, ಮುಂದೆ ಹೇಳುತ್ತೇನೆ) ಅಂತ ಬರೆದರೆ ಓದುವವನಿಗೆ ಯಾವುದರ ತೂಕ ಅನ್ನುವ ಅನುಮಾನ ಬರಲೇಬಾರದು. ಅದಕ್ಕೇ ಗುಂಡು ಅನ್ನುವುದನ್ನು ಹಾರುವ ಸೀಸಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಇಡೀ ವಸ್ತುವಿಗೆ 'ತೋಟಾ'ನೋ 'ಕಾಡತೂಸು'ನೋ? ಕಾಡತೂಸು ಧಾರವಾಡ, ಬೆಳಗಾವಿ ಕಡೆ ಬಳಕೆಯಲ್ಲಿದೆ, ನಮ್ಮ ಇತಿಹಾಸದ ಪಾಠಗಳಲ್ಲೂ 1857ರ ಜೊತೆ ಬರುತ್ತದೆ. ಪೋರ್ಚುಗೀಸರ ಕಾರ್ತೂಶು, ಹಿಂದಿಯ ಕಾರ್ತೂಸ್, ಮರಾಠಿಯ ಕಾಡತೂಸ್ ಎಲ್ಲ ಒಂದೇ ಬಳ್ಳಿಯವು. ತೋಟಾ ನಮ್ಮ ಮಲೆನಾಡಿನ ಮಾತು. ತಮಿಳಿನಲ್ಲಿ ತೋಟ್ಟಾ, ತೆಲುಗಿನಲ್ಲಿ ತೂಟಾ, ಹಿಂದಿಯಲ್ಲಿ ಟೋಟಾ ಇವೆ. ನಮ್ಮ ಕಡೆ ಬಾಯಲ್ಲಿ 'ತೋಟೆ' ಆಗುತ್ತದೆ: ತೋಟೆ ಕೋವಿ, ಕೇಪಿನ ಕೋವಿ ಅಂತ ಎರಡು ಜಾತಿ ಮಾಡುತ್ತಾರೆ. ಒಂದು ತೊಂದರೆ ಏನೆಂದರೆ, ಬಂಡೆ ಸಿಡಿಸುವ ಕಡ್ಡಿಗೂ ತೋಟೆ ಅನ್ನುತ್ತಾರೆ. 'ಹೊಳೆಗೆ ತೋಟೆ ಹಾಕಿ ಮೀನು ಹಿಡಿದರು' ಅಂದರೆ ಕೋವಿಯ ತೋಟೆ ಅಂತ ಯಾರೂ ತಿಳಿಯುವುದಿಲ್ಲ. ನಾನು 'ತೋಟಾ' ಅಂತ ಒಂದೇ ರೂಪ ಹಿಡಿದಿದ್ದೇನೆ. ಉತ್ತರ ಕರ್ನಾಟಕದವರಿಗೆ ಇದು ಹೊರಗಿನ ಪದ ಅನ್ನಿಸುತ್ತದೆಯೇ? ತಿಳಿಸಿ.

ಕೇಪಿನ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಒಬ್ಬ ಸ್ನೇಹಿತರು 'ಪ್ರಚೋದಕ' ಅಂತ ಹಾಕಿ ಅಂದರು. ಬೇಡ. ದೊಡ್ಡಪ್ಪನ ಕೋವಿಯಲ್ಲಿ ಕೇಪು ಹೊರಗಡೆ, ಕೋವಿಯ ಕಿವಿಯ (ಮದ್ದಿಗೆ ಕಿಡಿ ಹೋಗುವ ತೂತಿನ) ಮೇಲೆ ಕೂರುತ್ತಿತ್ತು. ಇಲ್ಲಿ ತೋಟಾದ ತಳದ ಗುಳಿಯೊಳಗೆ ಕೂರುತ್ತದೆ. ಜಾಗ ಬದಲಾಯಿತು, ಕೆಲಸ ಅದೇ: ಪೆಟ್ಟು ಬಿದ್ದರೆ ಕಿಡಿ ಕೊಡುವುದು. ದೀಪಾವಳಿಗೆ ಮಕ್ಕಳು ಹೊಡೆಯುವ ಕೇಪು ಕೂಡ ಅದೇ ಮಾತು. ಪ್ರಚೋದಕ ಅಂದರೆ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಕೇಪಿನಲ್ಲಿ ಎರಡು ಬಗೆ ಇವೆ, ಬಾಕ್ಸರ್ ಮತ್ತು ಬರ್ಡನ್. ಎರಡೂ ಮನುಷ್ಯರ ಹೆಸರು. ಬಾಕ್ಸರ್ ಇಂಗ್ಲೆಂಡಿನವನು, ಅವನ ಕೇಪು ಈಗ ಅಮೆರಿಕದಲ್ಲಿ ಜಾಸ್ತಿ. ಬರ್ಡನ್ ಅಮೆರಿಕದವನು, ಅವನದು ಯುರೋಪಿನಲ್ಲಿ ಜಾಸ್ತಿ. ಮಾರ್ಟಿನಿಯದು ಬಾಕ್ಸರ್ ಬಗೆ. ಈ ಹೆಸರುಗಳನ್ನು ಹಾಗೇ ಬಿಟ್ಟಿದ್ದೇನೆ.

'ಮದ್ದು' ಬಹಳ ಹಳೇ ಪದ, ಒಳ್ಳೇ ಪದ. ಔಷಧಿಗೂ ಅದೇ, ಕೋವಿಗೆ ತುಂಬುವ ಪುಡಿಗೂ ಅದೇ. ತಮಿಳಿನ ಮರುಂದು ಕೂಡ ಹೀಗೇ ಎರಡೂ ಕಡೆ ನಡೆಯುತ್ತದೆ. ಆದರೆ ಜೊತೆಗೆ ಯಾವ ಕ್ರಿಯಾಪದ ಹಾಕುತ್ತೇವೆ ಅನ್ನುವುದರಲ್ಲಿ ಎಚ್ಚರ ಬೇಕು. 'ಮದ್ದು ಹಾಕಿದ್ದಾರೆ' ಅಂದರೆ ನಮ್ಮ ಊರುಗಳಲ್ಲಿ ಬೇರೆಯೇ ಅರ್ಥ, ಅನ್ನದಲ್ಲಿ ಏನೋ ಬೆರೆಸಿ ಕೊಟ್ಟಿದ್ದಾರೆ ಅಂತ. ಮನೆಯಲ್ಲಿ ತುಂಬಿದ ತೋಟಾಕ್ಕೆ 'ಮನೆಮದ್ದು' ಅನ್ನುವ ಹಾಗೂ ಇಲ್ಲ. ಹಾಗಾಗಿ ಎಲ್ಲ ಕಡೆ 'ಮದ್ದು ತುಂಬು' ಅಂತಲೇ ಬರೆದಿದ್ದೇನೆ. ಕರಾವಳಿಯಲ್ಲೂ ಮಲೆನಾಡಿನ ಕೆಲವು ಕಡೆಯೂ 'ಮಸಿ' ಅನ್ನುತ್ತಾರೆ. ನನಗೆ ಆ ಪದ ತುಂಬ ಇಷ್ಟ, ಬಣ್ಣ ಅದರಲ್ಲೇ ಇದೆ.

ಬಣ್ಣದ ಮಾತು ಸುಮ್ನೆ ಎತ್ತಲಿಲ್ಲ. ಮಾರ್ಟಿನಿ ಹುಟ್ಟಿದ್ದು ಕಪ್ಪು ಮದ್ದಿನ ಕಾಲದಲ್ಲಿ. ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿದ ಹೊಗೆಯ ಮದ್ದು. ಈಗಿನ ರೈಫಲ್ಲುಗಳದ್ದು ಹೊಗೆ ಇಲ್ಲದ ಮದ್ದು, ಅದರ ಶಕ್ತಿ ಬಹಳ ಜಾಸ್ತಿ. ಕಪ್ಪು ಮದ್ದು ಅಳೆಯುವ ಅಳತೆಯಲ್ಲಿ ಹೊಸ ಮದ್ದು ತುಂಬಿದರೆ ಹಳೇ ಕೋವಿ ಸೀಳಿಹೋಗುತ್ತದೆ, ಹಿಡಿದವನ ಕೈ, ಮುಖ ಉಳಿಯುವುದಿಲ್ಲ. ಹೀಗಿರುವಾಗ ಬರಿಯ 'ಮದ್ದು' ಅಂತ ಬರೆಯುವುದು ತಪ್ಪು. 'ಕರಿಮದ್ದು', 'ಹೊಗೆಯಿಲ್ಲದ ಮದ್ದು' ಅಂತ ಪ್ರತಿ ಸಲವೂ ಪೂರ್ತಿ ಬರೆಯಬೇಕು ಅನ್ನುವುದು ನನ್ನ ಹಟ. ಬೇಜಾರು ಬಂದರೂ ಪರವಾಗಿಲ್ಲ.

ಇದಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು 'ಗ್ರೇನು'. ಈ ಕೆಲಸದಲ್ಲಿ ಎಲ್ಲ ತೂಕವೂ ಗ್ರೇನಿನಲ್ಲೇ. ಸೈನ್ಯದ ಮೂಲ ತೋಟಾದಲ್ಲಿ ಕರಿಮದ್ದು 85 ಗ್ರೇನು, ಗುಂಡು 480 ಗ್ರೇನು. ಕನ್ನಡದಲ್ಲಿ 'ಗ್ರೇ.' ಅಂತ ಚಿಕ್ಕದಾಗಿ ಬರೆದರೆ ಅದನ್ನು 'ಗ್ರಾಂ' ಅಂತ ಓದುವುದಕ್ಕೆ ಎಷ್ಟು ಹೊತ್ತು ಬೇಕು? ಪುಟ ಜೋಡಿಸುವವರು ತಾವೇ ತಿದ್ದಿಬಿಡುತ್ತಾರೆ ಕೂಡ. ಒಂದು ಗ್ರಾಮಿಗೆ 15.43 ಗ್ರೇನು. ಅಂದರೆ ಒಂದೇ ಅಕ್ಷರದ ತಪ್ಪಿಗೆ ಹದಿನೈದು ಪಟ್ಟು ವ್ಯತ್ಯಾಸ. ಹಾಗಾಗಿ ಎಲ್ಲೂ ಸಂಕ್ಷೇಪ ಮಾಡಿಲ್ಲ, ಮೊದಲ ಸಲ ಬಂದಾಗ ಪಕ್ಕದಲ್ಲಿ ಗ್ರಾಂ ಲೆಕ್ಕವನ್ನೂ ಕೊಟ್ಟಿದ್ದೇನೆ: 85 ಗ್ರೇನು ಅಂದರೆ ಸುಮಾರು 5.5 ಗ್ರಾಂ, 480 ಗ್ರೇನು ಅಂದರೆ ಸುಮಾರು 31.1 ಗ್ರಾಂ. ನಮ್ಮ ಹಿರಿಯರಿಗೆ ಇನ್ನೂ ಹತ್ತಿರದ ಅಳತೆ ಇದೆ. ಬ್ರಿಟಿಷರು ಗೊತ್ತುಮಾಡಿದ ತೊಲ ಸರಿಯಾಗಿ 180 ಗ್ರೇನು. ಅಂದಮೇಲೆ ಮದ್ದು ಅರ್ಧ ತೊಲಕ್ಕಿಂತ ಒಂಚೂರು ಕಮ್ಮಿ, ಗುಂಡು ಎರಡೂವರೆ ತೊಲಕ್ಕಿಂತ ಒಂಚೂರು ಜಾಸ್ತಿ. ಚಿನ್ನದ ಅಂಗಡಿ ನೋಡಿದ ಯಾರಿಗಾದರೂ ಇದು ಕೈಯಲ್ಲಿ ಹಿಡಿದ ಹಾಗೆ ಗೊತ್ತಾಗುತ್ತದೆ.

'ಗ್ರೇನು' ಬದಲಿಗೆ 'ಕಾಳು' ಅಂತ ಹಾಕಬಹುದೇ ಅಂತ ಯೋಚಿಸಿದ್ದೆ. ಬಿಟ್ಟೆ. ಮದ್ದಿನ ಹರಳು ದಪ್ಪವೋ ಸಣ್ಣವೋ ಅನ್ನುವುದೂ ಈ ಕೆಲಸದಲ್ಲಿ ಮುಖ್ಯ. 'ದಪ್ಪ ಕಾಳಿನ ಮದ್ದು 85 ಕಾಳು' ಅಂದರೆ ಓದುವವರು ಕೂತು ಎಣಿಸಲು ಶುರುಮಾಡಿಯಾರು. ಹರಳಿಗೆ 'ರವೆ' ಅಂತ ಇಟ್ಟಿದ್ದೇನೆ: ದಪ್ಪ ರವೆ, ಸಣ್ಣ ರವೆ. ಸರಿ ಅಲ್ವಾ?

ಈಗ 'ಈಡು' ಮತ್ತು 'ಬಾರು'. ನಮ್ಮ ಕಡೆ ಕೋವಿಗೆ ಒಂದು ಸಲಕ್ಕೆ ತುಂಬುವುದು, ಆ ಒಂದು ಸಲ ಹೊಡೆಯುವುದು ಎರಡೂ ಈಡು. 'ಈಡು ತುಂಬಿಟ್ಟಿದ್ದೀನಿ', 'ಒಂದೇ ಈಡಿಗೆ ಬಿತ್ತು'. ಗುರಿಕಾರನಿಗೆ ಈಡುಗಾರ. ಉತ್ತರ ಕರ್ನಾಟಕದಲ್ಲಿ 'ಬಾರು ಮಾಡು' ಅಂದರೆ ಬಂದೂಕಿಗೆ ತುಂಬಿ ಸಿದ್ಧ ಮಾಡುವುದು. ಮರಾಠಿಯಲ್ಲೂ 'ಬಾರ' ಇದೆ. ನನ್ನ ಪ್ರಶ್ನೆ ಇದು: ತೋಟಾವನ್ನು ಕೋವಿಯೊಳಗೆ ಇಡುವುದು ಒಂದು ಕೆಲಸ, ತೋಟಾದೊಳಗೆ ಮದ್ದು-ಗುಂಡು ಕೂರಿಸುವುದು ಇನ್ನೊಂದು ಕೆಲಸ. ಇಂಗ್ಲಿಷಿನವರು ಎರಡಕ್ಕೂ 'ಲೋಡ್' ಅಂತ ಒಂದೇ ಪದ ಬಳಸಿ ತೊಡಕು ಮಾಡಿಕೊಂಡಿದ್ದಾರೆ. ನಮ್ಮ ಹತ್ತಿರ ಎರಡು ಪದ ಇರುವಾಗ ಹಂಚಿಕೊಳ್ಳಬಹುದಲ್ಲ? ಕೋವಿಗೆ 'ಬಾರು ಮಾಡು', ತೋಟಾಕ್ಕೆ 'ಈಡು ತುಂಬು'. ಬೆಳಗಾವಿ, ಬಾಗಲಕೋಟೆ ಕಡೆಯವರು ಈಗಲೂ ಬಾರು ಅನ್ನುತ್ತೀರಾ? ಅಂದರೆ ಯಾವ ಅರ್ಥದಲ್ಲಿ? ಹಾರಿಸುವುದಕ್ಕೂ ಬಾರು ಬರುತ್ತದೆಯೇ?

ಅದೇ ಕಡೆಯವರಿಗೆ ಇನ್ನೊಂದು. ಹಳೇ ಬತ್ತಿ ಬಂದೂಕುಗಳ ಕಿವಿಗೆ ಹಾಕುವ ನುಣ್ಣನೆಯ ಮದ್ದಿಗೆ ಮರಾಠಿಯಲ್ಲಿ 'ರಂಜಕ' ಅನ್ನುತ್ತಾರೆ. ನಿಮ್ಮಲ್ಲಿ ರೊಟ್ಟಿ ಜೊತೆ ತಿನ್ನುವ ಕೆಂಪು ಮೆಣಸಿನಕಾಯಿಯ ಅರೆದ ಖಾರಕ್ಕೂ ರಂಜಕ ಅಂತಲೇ ಹೆಸರು. ಕಿಡಿ ಹತ್ತಿಸುವ ಮದ್ದಿನ ಹೆಸರೇ ಖಾರಕ್ಕೆ ಬಂತೇ, ಅಥವಾ ಕೆಂಪು ಬಣ್ಣದಿಂದ ಬಂದ ಬೇರೆ ಪದವೇ? ನನ್ನ ಬರಹಕ್ಕೆ ಇದು ಬೇಕಿಲ್ಲ, ಆದರೂ ಮನಸ್ಸಿನಿಂದ ಹೋಗುತ್ತಿಲ್ಲ.

ಕೊನೆಗೆ, ಪದ ಇದ್ದೂ ಸಿಕ್ಕಿಕೊಂಡ ಜಾಗ: 'ಹದ'. ಹಿತ್ತಾಳೆ ಚಿಪ್ಪನ್ನು ಅಚ್ಚಿನಲ್ಲಿ ಒತ್ತಿ ಒತ್ತಿ ಕತ್ತು ಕಿರಿದು ಮಾಡುವಾಗ ಲೋಹ ಗಡುಸಾಗುತ್ತದೆ. ಹಾಗೇ ಬಿಟ್ಟರೆ ಹೊಡೆದಾಗ ಬಾಯಿ ಸೀಳುತ್ತದೆ. ಅದಕ್ಕೆ ಕತ್ತನ್ನು ಉರಿಯಲ್ಲಿ ಕಾಯಿಸಿ ಮೆತ್ತಗೆ ಮಾಡುತ್ತಾರೆ. ತಳ ಮಾತ್ರ ಮೆತ್ತಗಾಗಬಾರದು, ಒತ್ತಡವೆಲ್ಲ ತಡೆಯುವುದು ಅದೇ. ಹಾಗಾಗಿ ತಟ್ಟೆಯಲ್ಲಿ ನೀರು ಹಾಕಿ, ಚಿಪ್ಪುಗಳನ್ನು ಅರ್ಧ ಮುಳುಗುವಂತೆ ನಿಲ್ಲಿಸಿ, ಮೇಲಿನ ಭಾಗಕ್ಕೆ ಮಾತ್ರ ಉರಿ ಹಿಡಿಯುವುದು ವಾಡಿಕೆ. ಬಣ್ಣ ಬದಲಾದ ಕೂಡಲೇ ತಳ್ಳಿ ನೀರಿಗೆ ಬೀಳಿಸುತ್ತಾರೆ. ಇದಕ್ಕೆ 'ಹದ ಮಾಡು' ಅಂತ ಬರೆದೆ. ಆಮೇಲೆ ಹೊಳೆಯಿತು, ಕುಲುಮೆಯಲ್ಲಿ ಕತ್ತಿಗೆ 'ಹದ ಹಾಕುವುದು' ಅಂದರೆ ಕಾಯಿಸಿ ನೀರಿಗದ್ದಿ ಬಾಯಿ ಗಟ್ಟಿ ಮಾಡುವುದು! ಉಕ್ಕು ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ಹಿತ್ತಾಳೆ ಮೆತ್ತಗಾಗುತ್ತದೆ. ಒಂದೇ ಪದ ಬಳಸಿದರೆ ಕಮ್ಮಾರಿಕೆ ಬಲ್ಲವರು ಪೂರ್ತಿ ತಿರುವುಮುರುವಾಗಿ ತಿಳಿಯುತ್ತಾರೆ. ಪಾತ್ರೆ ಬಡಿಯುವ ಕಂಚುಗಾರರೂ ಒಡವೆ ಮಾಡುವ ಅಕ್ಕಸಾಲಿಗರೂ ದಿನಾ ಇದೇ ಕೆಲಸ ಮಾಡುತ್ತಾರೆ, ಅವರಲ್ಲಿ ಇದಕ್ಕೆ ಒಂದು ಮಾತು ಇದ್ದೇ ಇರಬೇಕು. ಗುಂಪಿನಲ್ಲಿ ಆ ಮನೆತನದವರು ಇದ್ದರೆ ದಯವಿಟ್ಟು ಹೇಳಿ. ಈಗ ಸದ್ಯಕ್ಕೆ 'ಕಾಯಿಸಿ ಮೆತ್ತಗೆ ಮಾಡು' ಅಂತ ಉದ್ದಕ್ಕೇ ಬರೆದಿದ್ದೇನೆ.

ಕತ್ತು, ಹೆಗಲು, ತಳ, ತಳದ ಅಂಚು ಇವನ್ನೆಲ್ಲ ಹಾಗೇ ಇಟ್ಟಿದ್ದೇನೆ, ಚಿತ್ರ ನೋಡಿದರೆ ಗೊತ್ತಾಗುತ್ತದೆ. ಗುಂಡಿಗೆ ಸುತ್ತುವ ತೆಳು ಕಾಗದಕ್ಕೆ 'ಕಾಗದದ ಸುತ್ತು'. ಗುಂಡು ಎರೆಯುವುದಕ್ಕೆ 'ಎರಕ' ಇದೆ. ಹನ್ನೆರಡು ಭಾಗ ಸೀಸಕ್ಕೆ ಒಂದು ಭಾಗ ತವರ ಹಾಕಿ ಕರಗಿಸುತ್ತಾರೆ. ಅಲ್ಲೆಲ್ಲ ನನಗೆ ತೊಂದರೆ ಆಗಲಿಲ್ಲ.

ಒಂದಕ್ಕೆ ಮಾತ್ರ ಪದವೇ ಸಿಕ್ಕಿಲ್ಲ. ಮದ್ದಿಗೂ ಗುಂಡಿಗೂ ನಡುವೆ ಒಂದು ಅಡ್ಡ ಇಡುತ್ತಾರಲ್ಲ, ಅದು. ದೊಡ್ಡಪ್ಪ ತೆಂಗಿನ ನಾರು ಉಂಡೆ ಮಾಡಿ ಗಜದಿಂದ (ನಳಿಗೆಯೊಳಗೆ ಹಾಕುವ ಉದ್ದ ಕಡ್ಡಿಯಿಂದ) ಜಡಿಯುತ್ತಿದ್ದರು. ಮಾರ್ಟಿನಿಯ ತೋಟಾದಲ್ಲಿ ರಟ್ಟಿನ ಬಿಲ್ಲೆ, ಜೇನುಮೇಣದ ಬಿಲ್ಲೆ ಇರುತ್ತವೆ. ಚಿಪ್ಪಿನೊಳಗೆ ಜಾಗ ಮಿಕ್ಕರೆ ಬೂರುಗದ ಹತ್ತಿಯನ್ನೂ ತುರುಕುತ್ತಾರೆ. ದೊಡ್ಡಪ್ಪ ಅದನ್ನು 'ನಾರು' ಅಂತಲೇ ಕರೆಯುತ್ತಿದ್ದರು, ಆದರೆ ಮೇಣದ ಬಿಲ್ಲೆಗೆ ನಾರು ಅನ್ನುವುದು ಹೇಗೆ? 'ಬಿರಡೆ' ಅಂದರೆ ಬಾಯಿ ಮುಚ್ಚುವುದು ಅನ್ನಿಸುತ್ತದೆ, 'ಬೆಣೆ' ಅಂದರೆ ಮರದ್ದು. ಕೊಡಗಿನವರು, ತೀರ್ಥಹಳ್ಳಿ-ಶೃಂಗೇರಿ ಕಡೆಯವರು, ಜಾತ್ರೆಯಲ್ಲಿ ಕದಿನಿ (ಮದ್ದು ತುಂಬಿ ಸಿಡಿಸುವ ಕಬ್ಬಿಣದ ಕೊಳವೆ) ಹೊಡೆಯುವುದನ್ನು ಹತ್ತಿರದಿಂದ ನೋಡಿದವರು ಇದಕ್ಕೆ ಏನನ್ನುತ್ತಾರೆ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆಯಿರಿ. ಯಾವ ಊರಿನ ಮಾತು ಅನ್ನುವುದನ್ನೂ ಜೊತೆಗೆ ತಿಳಿಸಿದರೆ ಒಳ್ಳೆಯದು.