ನಿರ್ಮಾಣ ಹಂತದ ಫ್ಲ್ಯಾಟ್‌ಗೆ ಹಣ ಹಾಕುವ ಮುನ್ನ ಅಪಾಯವನ್ನು ಅಳೆಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಉಪನ್ಯಾಸಕ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದಲ್ಲಿ ಇನ್ನೂ ಕಟ್ಟುತ್ತಿರುವ, 80 ಲಕ್ಷ ರೂಪಾಯಿ ಬೆಲೆಯ ಫ್ಲ್ಯಾಟೊಂದನ್ನು ಬಾಡಿಗೆಯ ಆದಾಯಕ್ಕಾಗಿ ಕೊಳ್ಳಬೇಕೆಂದಿದ್ದೇನೆ. ಕೈಯಲ್ಲಿ 20 ಲಕ್ಷವಿದೆ. ಉಳಿದ 60 ಲಕ್ಷಕ್ಕೆ ಬ್ಯಾಂಕ್ ಸಾಲ. ತಿಂಗಳಿಗೆ 22,000 ಬಾಡಿಗೆ ಬರುತ್ತದೆಂದು ಅಲ್ಲಿರುವ ಗೆಳೆಯರು ಹೇಳುತ್ತಾರೆ. ಆಸ್ತಿಯ ಬೆಲೆ ಇಳಿಯುವುದೇ ಇಲ್ಲವೆಂಬ ಮಾತನ್ನು ನಂಬಿ ಇಷ್ಟು ಹಣ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಅಪಾಯವನ್ನು ಲೆಕ್ಕ ಹಾಕಿ ನೋಡುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಲೆಕ್ಕದ ಪುಸ್ತಕ

ಮಾನ್ಯರೇ, ಮೊದಲು ಬಾಡಿಗೆಯನ್ನೇ ನೋಡೋಣ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಉಳಿದರೆ ಬರುವುದು 2,42,000. ಅದರಲ್ಲಿ ನಿರ್ವಹಣಾ ಶುಲ್ಕ 30,000, ಆಸ್ತಿ ತೆರಿಗೆ ಮತ್ತು ದುರಸ್ತಿಗೆ 12,000 ಕಳೆದರೆ 2 ಲಕ್ಷ, ಅಂದರೆ ಫ್ಲ್ಯಾಟಿನ 80 ಲಕ್ಷದ ಬೆಲೆಗೆ ಶೇ 2.5. ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಕಂತು ಸುಮಾರು 52,000 ಆಗುತ್ತದೆ. ಬಡ್ಡಿ ಶೇ 10.5ಕ್ಕೆ ಏರಿದರೆ 60,000ದ ಹತ್ತಿರ. ಇದು ಬರೀ ಊಹೆಯಲ್ಲ, 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ 6.5ಕ್ಕೆ ಏರಿಸಿತ್ತು. ಬೆಲೆ ಶೇ 10ರಷ್ಟು ಇಳಿದರೆ ಹೋಗುವ 8 ಲಕ್ಷ ಪೂರ್ತಿ ತಮ್ಮ 20 ಲಕ್ಷದಿಂದಲೇ ಹೋಗುತ್ತದೆ, ಸಾಲ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಬಾಡಿಗೆಯೇ ಬಾರದಿದ್ದರೂ ಎಷ್ಟು ತಿಂಗಳು ಕಂತು ಕಟ್ಟಬಲ್ಲೆ ಎಂಬುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಅಳತೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕದ ಲಕ್ಷಗಳನ್ನು ತಾವು ಲೆಕ್ಕಕ್ಕೆ ಹಿಡಿದಂತಿಲ್ಲ.

ಉತ್ತರ: ಸಾಗುವಳಿ ಚೀಟಿ

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಪತ್ರಗಳ ಅಪಾಯವನ್ನು ಶೇಕಡಾವಾರು ಅಳೆಯಲು ಬಾರದು. ನಾನು ನಿವೇಶನ ಕೊಂಡಾಗ 30 ವರ್ಷದ ಇಸಿ (ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ಸ್ವಚ್ಛವಾಗಿತ್ತು, ಖಾತೆಯೂ ಆಯಿತು. ಕೆಲವು ವರ್ಷಗಳ ನಂತರ ಉಪವಿಭಾಗಾಧಿಕಾರಿಗಳ ನ್ಯಾಯಾಲಯದಿಂದ ನೋಟಿಸ್ ಬಂದಾಗಲೇ ಆ ಜಮೀನು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ್ದೆಂದು ನನಗೆ ತಿಳಿದದ್ದು. ಇಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವುದನ್ನು 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧ ಕಾಯ್ದೆ) ನಿಷೇಧಿಸುತ್ತದೆ; 2023ರ ತಿದ್ದುಪಡಿಯ ನಂತರ ಮರಳಿ ಪಡೆಯಲು ಅರ್ಜಿ ಹಾಕುವುದಕ್ಕೆ ಕಾಲಮಿತಿಯೂ ಇಲ್ಲ. ಆ ಕುಟುಂಬದ ಹಕ್ಕು ನ್ಯಾಯವಾದದ್ದೇ. ಕೇಳದೆ ಕೊಂಡ ತಪ್ಪು ನನ್ನದು. ಹಳೆಯ ಸಾಗುವಳಿ ಚೀಟಿ, ಅಂದರೆ ಸರ್ಕಾರ ಜಮೀನು ಮಂಜೂರು ಮಾಡಿ ಕೊಟ್ಟ ಪತ್ರ, ಇಸಿಯಲ್ಲಿ ಕಾಣುವುದಿಲ್ಲ, ತಾಲ್ಲೂಕು ಕಚೇರಿಯ ಕಡತದಲ್ಲಿ ಹುಡುಕಿಸಬೇಕು. ಫ್ಲ್ಯಾಟ್ ಆದರೂ ಅದು ನಿಂತಿರುವುದು ಯಾವುದೋ ಸರ್ವೆ ನಂಬರಿನ ಮೇಲೆಯೇ.

ಉತ್ತರ: ರೇರಾ ಓದುಗ

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ, ನೋಂದಾಯಿತ ಕರಾರು ಪತ್ರವಾಗುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಖರೀದಿದಾರರಿಂದ ಬಂದ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ರೇರಾ ಜಾಲತಾಣದಲ್ಲಿ ಯೋಜನೆಯ ತ್ರೈಮಾಸಿಕ ಪ್ರಗತಿಯನ್ನು ನೋಡಿ, ಒಮ್ಮೆ ಸ್ಥಳಕ್ಕೂ ಹೋಗಿ ಹೋಲಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ರೇರಾ ಸಂಖ್ಯೆ ಹಾಕಿ ನೋಡಿದೆ. ಕಟ್ಟಡ ಮುಗಿಸುವ ಅವಧಿ ಈಗಾಗಲೇ ಒಮ್ಮೆ ವಿಸ್ತರಣೆಯಾಗಿದೆ. ಮೂಲಪತ್ರಗಳ ನಕಲು ಕೈಗೆ ಬಂದು, ವಕೀಲರು ನೋಡಿದ ನಂತರವೇ ಬುಕಿಂಗ್ ಹಣ ಕೊಡುತ್ತೇನೆ.