ಗಾರೆ, ಒರಳು, ಫಿರಂಗಿ: ಮೂರಕ್ಕೂ ‘ಮಾರ್ಟರ್’ ಎಂಬ ಹೆಸರೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆಯ ಗೋಡೆ ಏಳುತ್ತಿದೆ. ಎಂಜಿನಿಯರ್ ಕೊಟ್ಟ ಚೀಟಿಯಲ್ಲಿ ‘ಮಾರ್ಟರ್’ ಎಂದಿದೆ. ಮೇಸ್ತ್ರಿ ಅದನ್ನೇ ‘ಸಿಮೆಂಟ್’ ಎನ್ನುತ್ತಾರೆ. ನಿಘಂಟಿನಲ್ಲಿ ‘ಒರಳು’ ಎಂಬ ಅರ್ಥವೂ ಇದೆ. ಯುದ್ಧದ ಸುದ್ದಿಗಳಲ್ಲಿ ಮಾರ್ಟರ್ ದಾಳಿ ಎಂದು ಓದುತ್ತೇವೆ. ಇವೆಲ್ಲ ಬೇರೆ ಬೇರೆ ಪದಗಳೇ?

ಉತ್ತರ: ನಮಸ್ಕಾರ. ಎಲ್ಲಕ್ಕೂ ಬೇರು ಒಂದೇ, ಲ್ಯಾಟಿನ್ನಿನ ‘ಮೋರ್ಟಾರಿಯಂ’. ಅದು ಕುಟ್ಟಿ ಅರೆಯುವ ಒರಳು. ರೋಮನ್ನರು ಸುಣ್ಣ ಕಲಸುವ ತೊಟ್ಟಿಯನ್ನೂ ಹಾಗೆಯೇ ಕರೆದರು, ಬರಬರುತ್ತ ತೊಟ್ಟಿಯ ಹೆಸರು ಅದರೊಳಗಿನ ಗಾರೆಗೆ ಅಂಟಿಕೊಂಡಿತು. ‘ಇನ್ನೊಂದು ಲೋಟ ಕೊಡಿ’ ಎಂದಾಗ ನಾವು ಕೇಳುವುದೂ ಲೋಟದಲ್ಲಿರುವುದನ್ನೇ ಅಲ್ಲವೇ? ಗಾರೆ ಎಂಬ ಅರ್ಥ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಗಿಡ್ಡ, ಅಗಲಬಾಯಿಯ ಫಿರಂಗಿಗೆ ಆ ಹೆಸರು ಬಿದ್ದದ್ದು ಒರಳಿನ ಆಕಾರದಿಂದ. ಪದವಿ ಪ್ರದಾನದ ದಿನ ತೊಡುವ ಚೌಕ ಟೊಪ್ಪಿಗೆ ‘ಮಾರ್ಟರ್ ಬೋರ್ಡ್’ ಕೂಡ ಇದೇ ಬಳಗದ್ದು. ಗಾರೆ ಕೆಲಸದವರು ಕೈಯಲ್ಲಿ ಹಿಡಿಯುವ ಚೌಕ ಹಲಗೆಯ ಹೆಸರು ಅದು.

ನಿಮ್ಮ ಗೋಡೆಗೆ ಬರುತ್ತೇನೆ. ಸಿಮೆಂಟ್ ಬರಿಯ ಪುಡಿ. ಅದಕ್ಕೆ ಮರಳು, ನೀರು ಸೇರಿದರೆ ಗಾರೆ. ಜಲ್ಲಿಯೂ ಸೇರಿದರೆ ಕಾಂಕ್ರೀಟ್. ಗಾರೆಯನ್ನು ಸಿಮೆಂಟ್ ಎಂದು ಕರೆದು ಕರೆದು, ಸಿಮೆಂಟ್ ಹೆಚ್ಚಿದಷ್ಟೂ ಗೋಡೆ ಗಟ್ಟಿ ಎಂಬ ನಂಬಿಕೆ ಬೆಳೆದಿದೆ. ಅದು ತಪ್ಪು. ಇಟ್ಟಿಗೆ ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಮಾನ್ಯವಾಗಿ ಸಾಕು. ಸಿಮೆಂಟ್ ಅತಿಯಾದ ಗಾರೆ ಒಣಗುವಾಗ ಹೆಚ್ಚು ಕುಗ್ಗಿ ಸೀಳು ಬಿಡುತ್ತದೆ. ಗಾರೆ ಇಟ್ಟಿಗೆಗಿಂತ ತುಸು ಮೆದುವಾಗಿರಲಿ. ಬಿರುಕು ಬಂದರೂ ಸಂದಿನಲ್ಲಿ ಬರುತ್ತದೆ, ಕೆರೆದು ಮತ್ತೆ ತುಂಬಬಹುದು. ಹಳೆಯ ಸುಣ್ಣದ ಗಾರೆಯ ಗೋಡೆಗಳಿಗೆ ಸಿಮೆಂಟ್ ಗಾರೆ ಮೆತ್ತಿದ್ದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಂದುಗಳಿಂದ ಹೊರಹೋಗುತ್ತಿದ್ದ ತೇವ ದಾರಿ ಕಟ್ಟಿ ಇಟ್ಟಿಗೆಯ ಮೂಲಕವೇ ಹೊರಡುತ್ತದೆ, ಇಟ್ಟಿಗೆಯ ಮುಖ ಪದರಪದರವಾಗಿ ಉದುರುತ್ತದೆ.

ಮರುಪ್ರಶ್ನೆ: ಧನ್ಯವಾದ ಮೇಡಂ. ‘ಸಿಮೆಂಟ್’ ಆದರೂ ಮೊದಲಿನಿಂದ ಆ ಪುಡಿಯ ಹೆಸರೇ? ಚೀಲದ ಮೇಲೆ ‘ಪೋರ್ಟ್‌ಲ್ಯಾಂಡ್’ ಎಂದಿದೆ, ಅದು ಕಂಪನಿಯೇ?

ಉತ್ತರ: ಎರಡೂ ಅಲ್ಲ. ಸಿಮೆಂಟಿನ ಲ್ಯಾಟಿನ್ ಮೂಲಪದಕ್ಕೆ ಒಡೆದ ಕಲ್ಲಿನ ಚೂರು ಎಂದರ್ಥ. ಚೂರುಗಳ ಹೆಸರು ಕಾಲಾಂತರದಲ್ಲಿ ಅವುಗಳನ್ನು ಹಿಡಿದಿಡುವ ವಸ್ತುವಿಗೆ ದಾಟಿತು. ಪೋರ್ಟ್‌ಲ್ಯಾಂಡ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ, ಕಟ್ಟಡದ ಕಲ್ಲಿಗೆ ಹೆಸರಾದ ಜಾಗ. 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್, ತಾನು ಮಾಡಿದ ಸಿಮೆಂಟ್ ಗಟ್ಟಿಯಾದ ಮೇಲೆ ಆ ಕಲ್ಲಿನಂತೆಯೇ ಕಾಣುತ್ತದೆ ಎಂದು ಆ ಹೆಸರಿಟ್ಟ.